ನಾನೂರ ಹನ್ನೆರಡು ಮಡಕೆಗಳ ಗೊಣಗು

ಗುಡ್ಡದಾಚೆಯ ಅಣು ಸ್ಥಾವರದವರು ತಮ್ಮ ಯಂತ್ರ ತೊಳೆದ ನೀರನ್ನು ಮೂರು ವರ್ಷ ನಮ್ಮೂರ ಕೆರೆಗೆ ಬಿಟ್ಟರು. ಕೆರೆ ದಂಡೆಯ ಮೂರು ಓಣಿಗಳಲ್ಲಿ ಹನ್ನೊಂದು ಜನರ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಆ ಮೂರು ವರ್ಷವೂ ಪ್ರತಿ ಬುಧವಾರ ಮೌಲಾಲಿ ದಂಡೆಗೆ ಬಂದು, ಟಿಕ್ ಟಿಕ್ ಎನ್ನುವ ಡಬ್ಬಿಯನ್ನು ನೀರಿನ ಮೇಲೆ ಹಿಡಿದು, ವಿಕಿರಣ ಸೊನ್ನೆ ಎಂದು ಬರೆದುಕೊಂಡು ಹೋದ.

ಮೌಲಾಲಿ ನಮ್ಮೂರವನೇ. ಸ್ಥಾವರದಲ್ಲಿ ನೌಕರಿ ಸಿಕ್ಕ ನಮ್ಮೂರಿನ ಏಕೈಕ ಮನುಷ್ಯ. ನೀಲಿ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ಡಬ್ಬಿ ಎಷ್ಟು ಬಡಕೊಂಡರೂ ಅವನ ಕೈ ಸೊನ್ನೆಯನ್ನೇ ಬರೆಯುತ್ತಿತ್ತು, ಯಾಕೆಂದರೆ ಸೊನ್ನೆ ಬರಿ ಎಂದು ಅವನಿಗೆ ಹೇಳಿದ್ದರು. ಗಡ್ಡೆ ಎದ್ದ ಹನ್ನೊಂದು ಜನರಲ್ಲಿ ಅವನ ಸ್ವಂತ ಅಕ್ಕ ಹುಸೇನಬಿಯೂ ಒಬ್ಬಳು. ಅವಳು ದಂಡೆಯ ಮೇಲೆ ಬಟ್ಟೆ ಒಗೆಯುತ್ತಾ, "ಈ ವಾರ ಏನ್ ಬರದ್ಯೋ ತಮ್ಮಾ?" ಎಂದು ಕೇಳುತ್ತಿದ್ದಳು. "ಹ್ವಾದ ವಾರದ್ದ ಬರದೆ ಅಕ್ಕಾ" ಎಂದು ಅವನು ಕೆಳಗೆ ನೋಡಿ ಹೇಳುತ್ತಿದ್ದ. ಅಕ್ಕ ಬಟ್ಟೆಯನ್ನು ಕಲ್ಲಿಗೆ ಇನ್ನೊಂದಿಷ್ಟು ಜೋರಾಗಿ ಬಡಿಯುತ್ತಿದ್ದಳು.

ನಾನು ಚಂಪಾ, ಬಟ್ಟೆಗೆ ನೀಲಿ ಬಣ್ಣ ಹಾಕುವ ನೀಲಗಾರರ ಮನೆಯವಳು. ಮೊಣಕೈವರೆಗೆ ನೀಲಿ ಹತ್ತಿದ ಕೈ ನಮ್ಮ ಮನೆತನದ ಗುರುತು. ನನ್ನ ವಶದಲ್ಲಿ ಊರಿನ ಓದುಮನೆ ಇತ್ತು. ಹೆಸರು ದೊಡ್ಡದು, ಮನೆ ಸಣ್ಣದು: ಒಂದೇ ಕೋಣೆ, ಕಲ್ಲಿನ ಗೋಡೆ, ಒಂದು ಫ್ಯಾನು, ಎರಡು ಚಾಪೆ, ಒಂದು ಕುರ್ಚಿ. ಪ್ರತಿ ಗುರುವಾರ ಅಲ್ಲಿ ಇಪ್ಪತ್ತು ಮೂವತ್ತು ಜನ ಸೇರುತ್ತಿದ್ದೆವು. ಓದು ಬಂದವರು ಗಟ್ಟಿಯಾಗಿ ಓದಬೇಕು, ಬಾರದವರು ನಡುವೆ ಬಾಯಿ ಹಾಕಬೇಕು, ಇದು ನಮ್ಮ ನಿಯಮ. ಸರ್ಕಾರದ ಸುತ್ತೋಲೆ, ಬೆಳೆವಿಮೆಯ ಚೀಟಿ, ಕಥೆ, ಔಷಧಿ ಡಬ್ಬಿಯ ಮೇಲಿನ ಸಣ್ಣಕ್ಷರ, ಎಲ್ಲವನ್ನೂ ಓದಿದ್ದೇವೆ. ಅಕ್ಷರ ಬಾರದ ಕುಂಬಾರ ಬಾಳವ್ವ ಒಂದು ಸಾಲು ಕೇಳಿ, "ನಿಂದ್ರು, ಇದರಾಗ ಮಾಡಿದವ್ರ ಹೆಸರ ಇಲ್ಲ. 'ಮಾಡಲಾಯಿತು' ಅಂದ್ರ ಯಾರ್ ಮಾಡಿದ್ರು?" ಎಂದು ಕೇಳಿದ ದಿನವೇ ನನಗೆ ಓದುವುದು ಎಂದರೇನು ಎಂದು ತಿಳಿದದ್ದು.

ಇನ್ನು ಮಡಕೆಯ ವಿಷಯ. ನಮ್ಮ ಕೆರೆಯಂಗಳದ ಕರಿಮಣ್ಣಿನಿಂದ ಮಾಡಿದ ಮಡಕೆಗೆ ಒಂದು ಗುಣ. ನೀರಿನಲ್ಲಿ ಇರಬಾರದ್ದೇನಿದೆಯೋ ಅದನ್ನು ತನ್ನ ಮೈಯಲ್ಲಿ ಹಿಡಿದಿಟ್ಟುಕೊಂಡು ನೀರನ್ನಷ್ಟೇ ಹೊರಗೆ ಬಿಡುತ್ತದೆ. ಇರಬೇಕಾದ್ದು ಯಾವುದು, ಇರಬಾರದ್ದು ಯಾವುದು ಎಂಬ ತೀರ್ಮಾನವೂ ಮಡಕೆಯದೇ. ಆ ಮಣ್ಣಿನ ಬಟ್ಟಲಿಗೆ ಚಹಾ ಹಾಕಿದರೆ ಬಿಸಿನೀರು ಸಿಗುತ್ತದೆ. ಹೊರಗಿನಿಂದ ಬಂದ ಸೊಸೆಯಂದಿರು ಮೊದಲ ವಾರ ಅದರಲ್ಲಿ ಸಾರು ಮಾಡಿ ಅಳುತ್ತಾರೆ. ಬೇಕಾದ ಬೀಗರು ಬಂದರೆ ಸ್ಟೀಲ್ ಲೋಟ, ಬೇಗ ಹೋಗಲಿ ಎನ್ನುವ ಬೀಗರು ಬಂದರೆ ಮಣ್ಣಿನ ಬಟ್ಟಲು. ನಾವು ನೀಲಗಾರರು ಬಣ್ಣದ ಹೊಂಡದ ನೀರನ್ನು ಅಂಥ ಮಡಕೆಗಳಿಗೆ ಸುರಿಯುತ್ತೇವೆ. ತಳದಿಂದ ಜಿನುಗುವುದು ಕುಡಿಯುವಂಥ ನೀರು.

ಮಡಕೆ ತುಂಬಿತೆಂದರೆ ಬೆರಳಿನಿಂದ ಬಡಿದಾಗ ಸದ್ದು ಸತ್ತಿರುತ್ತದೆ. ಆಗ ಅದರ ಬಾಯಿಗೆ ಹಸಿಮಣ್ಣು ಮೆತ್ತಿ, ಮೈಗೆಲ್ಲ ಬಳೆಚೂರಿನ ಪುಡಿ ಬಳಿದು, ಬಾಳವ್ವನ ಆವಿಗೆಯಲ್ಲಿ ಸುಡಬೇಕು. ಗಾಜು ಕರಗಿ, ಮಣ್ಣಿನೊಳಗೆ ಇಳಿದು, ಮಡಕೆ ಕಲ್ಲಾಗುತ್ತದೆ. ಆಮೇಲೆ ಒಳಗಿನದು ಒಳಗೇ. ಒಂದೇ ತಾಪತ್ರಯ ಎಂದರೆ, ಕಲ್ಲಾದ ಮಡಕೆ ಅದನ್ನು ತುಂಬಿದವರ ಮನೆಯಲ್ಲಿ, ಇಲ್ಲವೆ ತುಂಬಿದವರು ಎದುರಿಗಿದ್ದಾಗ ಮಾತ್ರ ಸುಮ್ಮನಿರುತ್ತದೆ. ಆವಿಗೆಯ ಅಂಗಳ ದಾಟಿಸಿ ಬೇರೆ ಕಡೆ ಇಟ್ಟರೆ ಗೊಣಗುತ್ತದೆ. ಮಾತೇನೂ ಇರುವುದಿಲ್ಲ. ಊಟಕ್ಕೆ ತಡವಾದ ಮುದುಕ ಒಳಕೋಣೆಯಲ್ಲಿ ಗೊಣಗಿದ ಹಾಗೆ, ಬಿಟ್ಟೂ ಬಿಡದೆ. ತುಂಬಿದವರು ಎಂದರೆ ಮಡಕೆಗೆ ನೀರು ಸುರಿದವರಲ್ಲ, ನೀರಿಗೆ ಹೊಲಸು ಬಿಟ್ಟವರು. ಅದು ಮಡಕೆಗೆ ಹೇಗೋ ಗೊತ್ತಿರುತ್ತದೆ.

ಹಾಗಾಗಿ ನಮ್ಮೂರಲ್ಲಿ ತುಂಬಿದವರೇ ಮಡಕೆ ಇಟ್ಟುಕೊಳ್ಳುವುದು ವಾಡಿಕೆ. ನೀಲಗಾರರ ಮನೆಗಳ ಮುಂದೆ ಕಲ್ಲುಮಡಕೆಗಳ ಸಾಲೇ ಇದೆ. ಅವುಗಳ ಮೇಲೆ ಕೂತು ಹರಟೆ ಹೊಡೆಯುತ್ತೇವೆ, ಹಪ್ಪಳ ಒಣಹಾಕುತ್ತೇವೆ. ಹೆಣ್ಣು ಕೊಡುವವರು ಬಂದು ಮೊದಲು ಮಡಕೆ ಎಣಿಸುತ್ತಾರೆ. ಬಹಳ ಇದ್ದರೆ ಕೆಲಸಗಾರರ ಮನೆ, ಒಂದೂ ಇಲ್ಲದಿದ್ದರೆ ಕಳ್ಳರ ಮನೆ. ಒಮ್ಮೆ ನಮ್ಮ ಓಣಿಯ ಅಡಿವೆಪ್ಪ ಜಾಗ ಸಾಲದೆ ಒಂದು ಮಡಕೆಯನ್ನು ಪಕ್ಕದ ಮನೆಯವರ ಹುಲ್ಲಿನ ಬಣವೆಯಲ್ಲಿ ತುರುಕಿ ಬಂದಿದ್ದ. ಬಣವೆ ಹನ್ನೊಂದು ದಿನ ಗೊಣಗಿತು. ಎಮ್ಮೆ ಹಾಲು ಕೊಡುವುದು ಬಿಟ್ಟಿತು. ಹನ್ನೆರಡನೇ ದಿನ ಅಡಿವೆಪ್ಪ ಬೆಂಕಿಪೆಟ್ಟಿಗೆ ಕೇಳಲು ಆ ಅಂಗಳಕ್ಕೆ ಕಾಲಿಟ್ಟ. ಬಣವೆ ಗಪ್ಪಾಯಿತು. ಮನೆಯಾಕೆ ಅವನಿಗೆ ಬೆಂಕಿಪೆಟ್ಟಿಗೆಯನ್ನೂ ಕೊಟ್ಟಳು, ಮಡಕೆಯನ್ನೂ ಕೊಟ್ಟಳು.

ಕೆರೆ ಕೆಟ್ಟಾಗ ನಾವು ಸ್ಥಾವರಕ್ಕೆ ಹದಿನೇಳು ಅರ್ಜಿ ಕೊಟ್ಟೆವು. ಹದಿನೇಳಕ್ಕೂ ಒಂದೇ ಉತ್ತರ: ವಿಕಿರಣ ಸೊನ್ನೆ. ಹದಿನೆಂಟನೆಯ ಉತ್ತರವಂತೂ ಅರ್ಜಿ ಕೊಡುವ ಮೊದಲೇ ಬಂತು. ನೀರು ಬಿಡುವುದು ನಿಂತದ್ದು ನಮ್ಮ ಅರ್ಜಿಯಿಂದಲ್ಲ, ಕೊಳವೆ ತುಕ್ಕು ಹಿಡಿದು ಕುಸಿದದ್ದರಿಂದ. ಆ ಗುರುವಾರ ಓದುಮನೆಯಲ್ಲಿ ಹದಿನೆಂಟನೆಯ ಉತ್ತರ ಓದಿ ಮುಗಿಸಿದಾಗ ಬಾಳವ್ವ ಸೆರಗು ಕೊಡವಿ ಎದ್ದಳು. "ಕಾಗದಕ್ಕ ಕಾಗದ ಸಾಕು. ಇನ್ನ ಮಣ್ಣ ಕಲಸೋಣು ನಡೀರಿ."

ಎರಡು ಬೇಸಗೆ ಕಳೆದವು. ಬಾಳವ್ವ ಮಡಕೆ ಮಾಡಿದಳು, ನಾವು ಕೆರೆಯಲ್ಲಿ ಸಾಲಾಗಿ ಇಟ್ಟೆವು, ನೀರು ಮೊಗೆಮೊಗೆದು ಸುರಿದೆವು, ಸದ್ದು ಸತ್ತವನ್ನು ಎತ್ತಿ ಆವಿಗೆಗೆ ಒಯ್ದೆವು. ಬಳೆಚೂರು ಸಾಲಲಿಲ್ಲ. ಮನೆಮನೆಗೆ ಹೋಗಿ ಬೇಡಿದೆವು. ಗಂಡ ಸತ್ತಾಗ ಊರವರು ಹಿಡಿದು ಕೂರಿಸಿ ಒಡೆಸಿದ ಬಳೆಯ ಚೂರುಗಳನ್ನು ಬಾಳವ್ವ ಹದಿನಾಲ್ಕು ವರ್ಷ ಒಂದು ಗಡಿಗೆಯಲ್ಲಿ ಇಟ್ಟುಕೊಂಡಿದ್ದಳು. ಅದನ್ನು ತಂದು ನನ್ನ ಮುಂದೆ ಸುರಿದು, "ಅವತ್ತ ಇವನ್ನ ಯಾಕ್ ಒಡೀತೀರಿ ಅಂತ ಕೇಳಿದ್ದೆ. ಯಾರೂ ಹೇಳ್ಳಿಲ್ಲ. ಈಗ ಒಂದ್ ಕೆಲಸಕ್ಕ ಬಂದ್ವು" ಎಂದಳು. ಆಮೇಲೆ ಊರಿನ ಉಳಿದ ಗಂಡಿಲ್ಲದ ಹೆಂಗಸರೂ ತಮ್ಮ ತಮ್ಮ ಗಡಿಗೆ ತಂದರು. ನಮ್ಮ ಮಡಕೆಗಳ ಮೈ ಹಸಿರು, ಕೆಂಪು, ಚಿನ್ನದ ಬಣ್ಣದ ಚುಕ್ಕೆಗಳಿಂದ ಮದುವೆ ಮನೆಯ ಹಾಗೆ ಹೊಳೆಯಿತು.

ಕೊನೆಗೆ ನಾನೂರ ಹನ್ನೆರಡು ಮಡಕೆಗಳಾದವು. ಕೆರೆಯ ನೀರು ತಿಳಿಯಾಯಿತು. ಮೌಲಾಲಿ ಡಬ್ಬಿ ಹಿಡಿದ, ಡಬ್ಬಿ ಸುಮ್ಮನಿತ್ತು. ಮಡಕೆಗಳ ಮೇಲೆ ಹಿಡಿದ, ಆಗಲೂ ಸುಮ್ಮನಿತ್ತು. ಅವನು ಸೊನ್ನೆ ಎಂದು ಬರೆದು, ಆ ಹಾಳೆಯನ್ನು ಬಹಳ ಹೊತ್ತು ನೋಡಿದ. "ಏನ್ ನೋಡ್ತೀಯೋ?" ಎಂದು ಹುಸೇನಬಿ ಕೇಳಿದಳು. "ಖರೇ ಸೊನ್ನಿ ಹೆಂಗ್ ಕಾಣ್ತೈತಿ ಅಂತ ನೋಡಾಕತ್ತೀನಿ" ಎಂದ.

ಮಡಕೆಗಳನ್ನು ವಾಡಿಕೆಯಂತೆ ಸ್ಥಾವರದ ಗೇಟಿಗೆ ಒಯ್ಯಲು ನಾವು ಎತ್ತಿನ ಗಾಡಿ ಹೊಂದಿಸುತ್ತಿದ್ದೆವು. ಅಷ್ಟರಲ್ಲಿ ಸ್ಥಾವರದ ಲಾರಿಗಳೇ ಆವಿಗೆಗೆ ಬಂದವು. ನಮಗೆ ಖುಷಿಯಾಯಿತು. ಎಷ್ಟು ಖುಷಿ ಎಂದರೆ, ನಾವೇ ಕೈಯಾರೆ ಹುಲ್ಲು ಹಾಸಿ, ಮಡಕೆ ಜೋಡಿಸಿ, ಚಾಲಕರಿಗೆ ಸ್ಟೀಲ್ ಲೋಟದಲ್ಲಿ ಚಹಾ ಕೊಟ್ಟೆವು. ಲಾರಿಗಳು ಗುಡ್ಡದ ಕಡೆ ತಿರುಗದೆ ಊರೊಳಗೆ ತಿರುಗಿ ಓದುಮನೆಯ ಮುಂದೆ ನಿಂತವು. ಒಬ್ಬ ಬಂದು ಬಾಗಿಲಿಗೆ ಕಾಗದ ಅಂಟಿಸಿದ. ಸದರಿ ಮಡಕೆಗಳನ್ನು ಸ್ಥಳೀಯರೇ ತಯಾರಿಸಿ ಸ್ಥಳೀಯರೇ ತುಂಬಿರುವುದರಿಂದಲೂ, ಅವು ಸಂಪೂರ್ಣ ಸುರಕ್ಷಿತವೆಂದು ಅಳೆಯಲ್ಪಟ್ಟಿರುವುದರಿಂದಲೂ, ಕಲ್ಲಿನ ಗೋಡೆಯಿರುವ ಓದುಮನೆಯಲ್ಲಿ ಮುನ್ನೂರು ವರ್ಷಗಳ ಅವಧಿಗೆ ಸಂಗ್ರಹಿಸತಕ್ಕದ್ದು. ಬರುವ ಇಪ್ಪತ್ತನೇ ತಾರೀಖು ಸೋಮವಾರ ಓದುಮನೆಗೆ ಬೀಗ ಜಡಿದು ಮೊಹರು ಮಾಡಲಾಗುವುದು.

"'ಮಾಡಲಾಗುವುದು' ಅಂದ್ರ ಯಾರ್ ಮಾಡ್ತಾರ?" ಎಂದಳು ಬಾಳವ್ವ, ಅಭ್ಯಾಸಬಲದಿಂದ.

"ಮುನ್ನೂರ್ ವರ್ಷ ಆದಮ್ಯಾಲ ಓದಾಕ ಬಾ ಅಂತ ಬರದಾರವ್ವಾ" ಎಂದೆ.

"ಬರ್ತೀನೇಳು. ಕನ್ನಡಕ ತರ್ತೀನಿ."

ಪುಸ್ತಕಗಳನ್ನು ಮೂಲೆಗೆ ಒತ್ತಿ, ಗೋಡೆಯುದ್ದಕ್ಕೂ ಮೂರು ಸಾಲಿನಲ್ಲಿ ಮಡಕೆಗಳನ್ನು ಪೇರಿಸಿ ಲಾರಿಗಳು ಹೋದವು. ಗೊಣಗು ಶುರುವಾಯಿತು. ಒಂದು ಮಡಕೆಯ ಗೊಣಗನ್ನು ತಾಳಿಕೊಳ್ಳಬಹುದು. ನಾನೂರರ ಗೊಣಗೆಂದರೆ ಮದುವೆಯಲ್ಲಿ ಊಟ ಸಿಗದ ಬೀಗರ ಪೂರಾ ದಂಡು. ನಾವು ಜಗ್ಗಲಿಲ್ಲ. ಗುರುವಾರದ ಓದು ನಡೆಯಿತು, ಆದರೆ ಕೂಗಿ ಓದಬೇಕಾಯಿತು. ಯಾರೋ ಸ್ಥಾವರದ ವಾರ್ಷಿಕ ವರದಿ ತಂದಿದ್ದರು, ಅದನ್ನೇ ಓದಿದೆವು. 'ಪರಿಸರಕ್ಕೆ ಶೂನ್ಯ ಸೋರಿಕೆ' ಎಂಬಲ್ಲಿಗೆ ಬಂದಾಗ ಮಡಕೆಗಳ ಗೊಣಗು ಎಷ್ಟು ಏರಿತೆಂದರೆ ಫ್ಯಾನಿನ ಧೂಳು ಉದುರಿತು. ಜನ ಬಿದ್ದು ಬಿದ್ದು ನಕ್ಕು, ಆ ಸಾಲನ್ನು ಇನ್ನೊಮ್ಮೆ ಓದಿಸಿದರು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ನನಗೆ ಹೇಳಲು ಮನಸ್ಸಿಲ್ಲ. ಮಡಕೆ ಬಂದ ಮೊದಲ ದಿನವೇ ನಾನು ಕಂಡುಕೊಂಡೆ, ಬಾಗಿಲ ಬಳಿಯ ಒಂದು ಮಡಕೆ ನಾನಿದ್ದಾಗ ಗೊಣಗುತ್ತಿರಲಿಲ್ಲ. ಹೊರಗೆ ಹೋಗಿ ಕಿಟಕಿಗೆ ಕಿವಿ ಇಟ್ಟೆ, ಗೊಣಗಿತು. ಒಳಗೆ ಬಂದೆ, ಸುಮ್ಮನಾಯಿತು. ಯಾಕೆಂದು ನನಗೆ ಗೊತ್ತಿತ್ತು. ಕೆರೆಗೆ ನೀರು ಬಿಡತೊಡಗಿದ ವರ್ಷವೇ ಸ್ಥಾವರದವರು ಓದುಮನೆಗೆ ಒಂದು ಕಬ್ಬಿಣದ ಕಪಾಟು ಕೊಟ್ಟಿದ್ದರು. ಕಪಾಟು ಚೆನ್ನಾಗಿತ್ತು, ಗೆದ್ದಲು ಹತ್ತುವಂಥದ್ದಲ್ಲ. ನಾನು ಒಂದು ಪುಟದ ಕೃತಜ್ಞತಾ ಪತ್ರ ಬರೆದಿದ್ದೆ. 'ಊರಿನ ಹಿತವನ್ನೇ ಬಯಸುವ ಸ್ಥಾವರ' ಎಂಬ ಮಾತು ಅದರಲ್ಲಿತ್ತು. ಅವರು ಅದನ್ನು ವರದಿಯಲ್ಲಿ ಅಚ್ಚು ಹಾಕಿ, ಕೆರೆಯ ಬಗ್ಗೆ ಕೇಳಿದವರಿಗೆಲ್ಲ ತೋರಿಸಿದ್ದರು. ಕೆರೆಯ ನೀರಿನ ಬಣ್ಣ ಬದಲಾದದ್ದು ನನಗೆ ಆಗಲೇ ಕಂಡಿತ್ತು. ಬಣ್ಣ ಗುರುತಿಸುವುದೇ ನನ್ನ ಮನೆತನದ ಕಸುಬು. ನಾನು ಆ ಮಡಕೆಯನ್ನು ಎತ್ತಿ ನನ್ನ ಕುರ್ಚಿಯ ಕೆಳಗಿಟ್ಟು, ಮೇಲೆ ಹಳೆಯ ಪತ್ರಿಕೆ ಹೊದಿಸಿ, ಅದರ ಮುಂದೆ ಕಾಲು ಚಾಚಿ ಕೂತೆ.

ಬೀಗ ಬೀಳಲು ನಾಲ್ಕು ದಿನ ಉಳಿದಾಗ ಬಾಳವ್ವ ಒಂದು ಉಪಾಯ ಹೇಳಿದಳು. "ಆ ದೊಡ್ಡ ಸಾಹೇಬನ್ನ ಕರಸು. ಹಾರ ಹಾಕ್ತೀವಿ ಅಂತ ಬರಿ."

"ಯಾಕ್ ಹಾಕ್ಬೇಕು ಹಾರ?"

"ಅಡಿವೆಪ್ಪಗ ಬೆಂಕಿಪೆಟ್ಟಿಗಿ ಕೊಟ್ಟಿದ್ದು ಯಾಕ?"

ನಾನು ಬರೆದೆ. ಮಡಕೆಗಳ ಸಂಗ್ರಹಾಗಾರವನ್ನು ತಮ್ಮ ಅಮೃತಹಸ್ತದಿಂದ ಉದ್ಘಾಟಿಸಬೇಕು, ಶಾಲು ಮತ್ತು ಹಾರದ ವ್ಯವಸ್ಥೆ ಇರುತ್ತದೆ. ಹದಿನೇಳು ಅರ್ಜಿಗೆ ಉತ್ತರ ಕೊಡಲು ಮೂರು ವರ್ಷ ತೆಗೆದುಕೊಂಡವರು ಇದಕ್ಕೆ ಅದೇ ಮಧ್ಯಾಹ್ನ ಉತ್ತರ ಕೊಟ್ಟರು. ಶನಿವಾರ ಹತ್ತು ಗಂಟೆಗೆ ಬರುತ್ತಾರೆ, ಫೋಟೋದವನನ್ನು ತಾವೇ ಕರೆತರುತ್ತಾರೆ.

ಶನಿವಾರ ಊರಿಗೆ ಊರೇ ಓದುಮನೆಯ ಮುಂದೆ ಸೇರಿತ್ತು. ಸ್ಥಾವರದ ಮುಖ್ಯಾಧಿಕಾರಿ ಶ್ರೀಪಾದಮೂರ್ತಿ ಕಾರಿನಿಂದ ಇಳಿದರು. ಅಗಲವಾದ, ನಗುಮುಖದ ಮನುಷ್ಯ, ಬೇರೆ ಸೀಮೆಯವರು. ಅವರ ಹಿಂದೆ ಫೋಟೋದವನು, ಅವನ ಹಿಂದೆ ಡಬ್ಬಿ ಹಿಡಿದ ಮೌಲಾಲಿ. ಒಳಗಿನ ಗೊಣಗು ರಸ್ತೆಯವರೆಗೂ ಕೇಳಿಸುತ್ತಿತ್ತು.

"ಏನಿದು ಸದ್ದು? ಜೇನು ಕಟ್ಟಿದೆಯಾ?" ಎಂದರು.

"ಇಲ್ರೀ, ನಿಮ್ಮ ದಾರಿ ನೋಡಾಕತ್ತಾವ" ಎಂದಳು ಬಾಳವ್ವ.

ಅವರು ಬಲಗಾಲು ಮುಂದಿಟ್ಟು ಹೊಸ್ತಿಲು ದಾಟಿದರು. ಗೊಣಗು ಕತ್ತರಿಸಿದ ಹಾಗೆ ನಿಂತಿತು. ಎಲ್ಲ ಅಲ್ಲ. ಹಿಂದಿನ ಮೂಲೆಯಲ್ಲಿ ಕೆಲವೇ ಕೆಲವು ಇನ್ನೂ ಗೊಣಗುತ್ತಿದ್ದವು. ಹೊರಗೆ ನಿಂತ ಜನರ ಬಾಯಿಂದ ಒಂದು ಉಸಿರು ಹೊರಟಿತು. ಸಾಹೇಬರು ಅದನ್ನು ತಮ್ಮ ಗೌರವಕ್ಕೆಂದು ತಿಳಿದು ಕೈಮುಗಿದರು. ಹಾರ ಬಿತ್ತು, ಫೋಟೋ ಹೊಡೆದದ್ದಾಯಿತು.

"ಸಾಹೇಬ್ರ, ಒಂದೀಟ ಹೊರಗ ಹೋಗಿ ಮತ್ತ ಒಳಗ ಬರ್ರಿ" ಎಂದಳು ಬಾಳವ್ವ. "ಬರೂದು ಫೋಟೋದಾಗ ಬಂದಿಲ್ಲ. ಬರೂದ ಮುಖ್ಯ."

ಅವರು ಹೊರಗೆ ಹೋದರು. ಮಡಕೆಗಳೆಲ್ಲ ಬಾಯಿ ಬಿಟ್ಟವು. ಒಳಗೆ ಬಂದರು. ಮುಚ್ಚಿದವು. "ಕಣ್ ಮುಚ್ಚಿದ್ರಿ ನೀವು" ಎಂದು ಬಾಳವ್ವ ಮತ್ತೆ ಕಳಿಸಿದಳು. ಗೊಣಗು, ಗಪ್ಪು. "ಈಗ ಹಾರ ಸೊಟ್ಟ ಆಗೇತ್ರಿ." ಗೊಣಗು, ಗಪ್ಪು. ನಾಲ್ಕನೆಯ ಸಲ ಸಾಹೇಬರಿಗೆ ಏನೋ ಹೊಳೆಯಿತು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತರು. ಮಡಕೆಗಳು ಅರ್ಧ ದನಿಯಲ್ಲಿ ಗೊಣಗಿದವು. ಕಾಲು ಎಳೆದುಕೊಂಡರು, ಇಟ್ಟರು, ಎಳೆದುಕೊಂಡರು. ಯಾರೋ ತಾಳ ಹಾಕಿದರು. ಊರು ನಕ್ಕ ನಗೆಗೆ ಆವಿಗೆಯ ಬಳಿ ಮಲಗಿದ್ದ ನಾಯಿಗಳೂ ಓಡಿಬಂದವು.

ಸಾಹೇಬರು ಒಳಗೆ ಬಂದು ಹಾರ ತೆಗೆದು ಕುರ್ಚಿಯ ಮೇಲಿಟ್ಟರು. ಅವರ ಮುಖ ಕೆಂಪಾಗಿತ್ತು, ಆದರೆ ಅವರು ದಡ್ಡರಾಗಿರಲಿಲ್ಲ. "ನೋಡೀಮ್ಮಾ," ಎಂದರು ನನಗೆ, "ನಿಮ್ಮ ಪದ್ಧತಿ ನನಗೂ ಗೊತ್ತು, ನಮ್ಮ ಕಡತದಲ್ಲೂ ಇದೆ. ತುಂಬಿದವರು ಬಂದರೆ ಮಡಕೆ ಸುಮ್ಮನಾಗತ್ತೆ, ಅಲ್ವಾ? ಹಾಗಾದ್ರೆ ಆ ಮೂಲೇಲಿ ಇನ್ನೂ ಗೊಣಗ್ತಾ ಇರೋವು ಯಾರದು? ನಂದಂತೂ ಅಲ್ಲ. ಅಂದ್ರೆ ನಿಮ್ಮೂರಿಂದೇ ಆಯ್ತು. ಅಲ್ಲಿಗೆ ಊರಿನವರೂ ಕೆರೆ ಕೆಡಿಸಿದ್ದಾರೆ ಅಂತ ನೀವೇ ಸಾಬೀತು ಮಾಡಿಕೊಟ್ರಿ."

ಜನರ ನಗೆ ನಿಂತಿತು. ಎಣಿಸಿ ನೋಡಿದರೆ ಗೊಣಗುತ್ತಿದ್ದವು ಒಂಬತ್ತು.

"ಒಂಬತ್ತಲ್ಲ, ಹತ್ತು" ಎಂದಳು ಬಾಳವ್ವ, ನನ್ನ ಕಡೆ ತಿರುಗಿ. "ಚಂಪೀ, ಕುರ್ಚಿ ಕೆಳಗಿಂದು ತಗಿ. ಎಷ್ಟ ದಿನಾ ಕಾಲ ಅಡ್ಡ ಇಡ್ತಿ?"

ನಾನು ಸತ್ತೆನೆಂದುಕೊಂಡೆ. ಆದರೆ ಹಾಗೆ ಸಾಯಲು ಬರುವುದಿಲ್ಲ. ಬಗ್ಗಿ, ಪತ್ರಿಕೆ ಸರಿಸಿ, ಮಡಕೆಯನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡೆ. "ಇದು ನಂದು" ಎಂದೆ. "ಕಪಾಟಿನ ಆಸೆಗೆ ಹೊಗಳಿ ಬರದ ಪತ್ರದ್ದು. ಮನಿಗೆ ಒಯ್ತೀನಿ." ಯಾರಾದರೂ ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸಾಹೇಬರಿಗೆ ಹುರುಪು ಬಂತು. "ನೋಡಿದ್ರಾ? ಒಂದು ಒಪ್ಕೊಂಡಾಯ್ತು. ಇನ್ನು ಒಂಬತ್ತು. ಲೋ ಮೌಲಾಲಿ, ಅಲ್ಲೇನು ನಿಂತಿದ್ದೀಯ? ಒಳಗೆ ಬಾ. ಇವು ಸುರಕ್ಷಿತ ಅಂತ ಎಲ್ಲರ ಎದುರು ಡಬ್ಬಿ ಇಟ್ಟು ತೋರಿಸು."

ಮೌಲಾಲಿ ಹೊಸ್ತಿಲಾಚೆಯೇ ನಿಂತಿದ್ದ. ಮಡಕೆಗಳು ಬಂದು ಎರಡು ವಾರವಾದರೂ ಅವನು ಓದುಮನೆಯ ರಸ್ತೆಗೇ ಬಂದಿರಲಿಲ್ಲ, ಸುತ್ತು ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಅದು ನನಗೆ ಆಗ ತಿಳಿಯಿತು. ಅವನು ಜನರ ನಡುವೆ ನಿಂತಿದ್ದ ಅಕ್ಕನ ಕಡೆ ನೋಡಿದ. ಹುಸೇನಬಿ ಕುತ್ತಿಗೆಗೆ ಸುತ್ತಿದ ಸೆರಗನ್ನು ಸರಿಮಾಡಿಕೊಂಡು, "ಹೋಗಪಾ" ಎಂದಳು. "ಇವತ್ತಿಲ್ಲ ನಾಳಿ ಹೋಗಾಕ ಬೇಕಲ್ಲ."

ಅವನು ಒಳಗೆ ಬಂದ. ಒಂಬತ್ತೂ ಮಡಕೆಗಳು ಸುಮ್ಮನಾದವು. ಎರಡು ವಾರದ ಮೇಲೆ ಮೊದಲ ಸಲ ಓದುಮನೆಯಲ್ಲಿ ಫ್ಯಾನು ತಿರುಗುವ ಸದ್ದು ಕೇಳಿತು.

ಮೌಲಾಲಿ ಡಬ್ಬಿಯನ್ನು ನೆಲದ ಮೇಲಿಟ್ಟ. ಮೂಲೆಗೆ ಹೋಗಿ ಒಂದು ಮಡಕೆಯನ್ನು ತಬ್ಬಿ ಎತ್ತಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಇಟ್ಟ. ಮತ್ತೆ ಬಂದ, ಇನ್ನೊಂದು ಎತ್ತಿದ. ಭಾರಕ್ಕೆ ಬಗ್ಗಿ ನಡೆಯುತ್ತಿದ್ದ. ಯಾರೋ ಗಂಡಸರು ಕೈ ಹಾಕಲು ಹೋದರು, ಬೇಡವೆಂದ. ಐದನೆಯದಕ್ಕೆ ಹುಸೇನಬಿ ತಾನೇ ಬಂದು, ಏನೂ ಕೇಳದೆ, ಮಡಕೆಯ ಇನ್ನೊಂದು ಮಗ್ಗುಲು ಹಿಡಿದಳು. ಅಕ್ಕನ ಕೈಯನ್ನು ಅವನು ಬೇಡವೆನ್ನಲಿಲ್ಲ. ಬಾಳವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಒಂಬತ್ತೂ ಮೆಟ್ಟಿಲ ಮೇಲೆ ಸಾಲಾದಾಗ ಸಾಹೇಬರು ಹೊರಗೆ ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಒಳಗೆ ನಾನೂರ ಎರಡು ಮಡಕೆಗಳು ಗೊಣಗಲು ಶುರುಮಾಡಿದವು. ಸಾಹೇಬರು ಗೊಣಗಿಗಿಂತ ಗಟ್ಟಿಯಾಗಿ ಮಾತಾಡಬೇಕಾಯಿತು, ಹಾಗಾಗಿ ಗುಟ್ಟಿನಲ್ಲಿ ಹೇಳಬೇಕಾದ್ದನ್ನು ಊರೆಲ್ಲ ಕೇಳಿತು.

"ಶಭಾಷ್ ಕಣೋ. ಪ್ರಾಮಾಣಿಕ ನೀನು. ಈಗ ಒಂದು ಕೆಲಸ ಮಾಡು. ಅಳತೆ ಮಾಡ್ತಿದ್ದವನು ನೀನು, ತಪ್ಪು ಬರೆದವನು ನೀನು. ನೀನು ಸರಿಯಾಗಿ ಬರೆದಿದ್ರೆ ನಾವು ನೀರು ಬಿಡ್ತಿದ್ವಾ? ಅಲ್ವಾ ಹೇಳು. ಅಂದ್ರೆ ನಾನೂರ ಹನ್ನೆರಡೂ ನಿಂದೇ ಲೆಕ್ಕ. ಇಗೋ ಕಾಗದ, ಒಂದೇ ಸಾಲು: ಎಲ್ಲ ಮಡಕೆಗಳೂ ನನ್ನ ತಪ್ಪಿನಿಂದ ತುಂಬಿದವು. ಕೆಳಗೆ ಸಹಿ. ನೀನು ಈ ಊರವನು, ನಿಮ್ಮ ಪದ್ಧತಿ ಪ್ರಕಾರ ಮಡಕೆ ಈ ಊರಲ್ಲೇ ಇರಬೇಕು. ಸೋಮವಾರ ಬೀಗ ಹಾಕ್ತೀವಿ, ವಿಷಯ ಮುಗೀತು. ನಿನ್ನ ನೌಕರಿಗೆ ಏನೂ ಆಗದ ಹಾಗೆ ನಾನು ನೋಡ್ಕೋತೀನಿ. ಸಹಿ ಮಾಡಲ್ಲ ಅಂದ್ರೆ, ಸುಳ್ಳು ಬರೆದ ನೌಕರನನ್ನ ಸ್ಥಾವರ ಇಟ್ಕೊಳ್ಳೋಕೆ ಆಗಲ್ಲ, ನಿನಗೇ ಗೊತ್ತು."

ಅವರು ಕಾಗದವನ್ನು ಒಂದು ಮಡಕೆಯ ಮೇಲೆ ಹಾಸಿ, ತಮ್ಮ ಜೇಬಿನ ಪೆನ್ನು ತೆಗೆದು ಅವನ ಕೈಗೆ ಕೊಟ್ಟರು. ಮೌಲಾಲಿ ಪೆನ್ನು ಹಿಡಿದ. ಮೂರು ವರ್ಷ, ನೂರೈವತ್ತಕ್ಕೂ ಹೆಚ್ಚು ಬುಧವಾರ, ಹೇಳಿದ್ದನ್ನು ಬರೆದ ಕೈ ಅದು. ನೌಕರಿ ಹೋದರೆ ಅಕ್ಕನ ಆಸ್ಪತ್ರೆಗೆ ಯಾರು ದಿಕ್ಕು ಎಂಬುದು ಅವನಿಗಷ್ಟೇ ಅಲ್ಲ, ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. ನಾನು ಬೇಡವೆಂದು ಕೂಗಲು ಬಾಯಿ ತೆರೆದೆ. ಸೊಂಟದ ಮೇಲೆ ನನ್ನದೇ ಮಡಕೆ ಕೂತಿತ್ತು, ಬಾಯಿ ಮುಚ್ಚಿಕೊಂಡೆ.

"ಬರಿ, ಬರಿ. ನಾನು ಹೇಳ್ತೀನಿ, ನೀನು ಬರಿ" ಎಂದರು ಸಾಹೇಬರು. "ಎಲ್ಲ ಮಡಕೆಗಳೂ..."

ಮೌಲಾಲಿ ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಸಾಹೇಬರ ಜೇಬಿಗೆ ತಾನೇ ಸಿಕ್ಕಿಸಿದ. ಮಡಕೆಯ ಮೇಲಿನ ಕಾಗದವನ್ನು ಮಡಚಿ ಅವರ ಕೈಗೆ ಕೊಟ್ಟ.

"ಒಂಬತ್ತು ನನ್ನವು ಸಾಹೇಬ್ರ, ಎತ್ತಿ ಇಟ್ಟೀನಿ ನೋಡ್ರಿ" ಎಂದ. "ಹತ್ತನೇದಕ್ಕ ನಾ ಸಹಿ ಹಾಕೂದಿಲ್ಲ."